ಕ್ರಿಯಾಪದಗಳ ಬೆನ್ನಿಗೆ ನಿಂತ ಚಿಕ್ಕ ದೊರೆಗಳಿಗೆ

ತಾಯಲೂರು, ಮುಳಬಾಗಿಲು ತಾಲ್ಲೂಕು
೨೦ ಸೆಪ್ಟೆಂಬರ್ ೧೯೩೮

ಮಾನ್ಯ ಅಪ್, ಡೌನ್, ಔಟ್, ಆಫ್, ಇನ್‌ಟು, ಬ್ಯಾಕ್ ಮುಂತಾದ ಮಹಾಶಯರೇ,

ಇಂಗ್ಲಿಷ್ ಕ್ರಿಯಾಪದಗಳ ಬೆನ್ನಿಗೆ ನಿಂತುಕೊಂಡು, ಅಂಗೈಯಗಲದ ಮೈಯಲ್ಲೇ ನಮ್ಮ ಸೀಮೆಯ ಕಚೇರಿಗಳನ್ನೆಲ್ಲ ಆಳುತ್ತಿರುವ ತಮ್ಮ ಸನ್ನಿಧಿಗೆ, ಮೂವತ್ತು ವರ್ಷ ಮೇಷ್ಟ್ರಾಗಿದ್ದು ಈಗ ಊರವರಿಗೆ ಅರ್ಜಿ ಬರೆದುಕೊಡುವ ರಾಮಚಂದ್ರಪ್ಪನ ಅನಂತ ನಮಸ್ಕಾರಗಳು. ತಾವೆಲ್ಲ ಕ್ಷೇಮವೆಂದು ನಂಬಿದ್ದೇನೆ. ತಮಗೆ ವಯಸ್ಸಾಗುವುದಿಲ್ಲ, ವರ್ಗವಾಗುವುದಿಲ್ಲ, ಕ್ಷೇಮಕ್ಕೇನು ಕೊರತೆ?

ತಮ್ಮ ಮಹಿಮೆಯನ್ನು ನನ್ನಂಥವನು ಎಷ್ಟೆಂದು ಹೊಗಳಲಿ! 'ಪುಟ್' ಎಂಬುದು ಒಂದು ಬಡಪಾಯಿ ಪದ. ಇಡು ಅನ್ನುವುದಷ್ಟೇ ಅದಕ್ಕೆ ಗೊತ್ತು. ಅದರ ಜೊತೆಗೆ ಅಪ್ ಅವರು ಬಂದು ನಿಂತರೆ ಕಾಗದ ಸಾಹೇಬರ ಮೇಜಿಗೆ ಏರುತ್ತದೆ. ಆಫ್ ಅವರು ಬಂದರೆ ಅದೇ ಕಾಗದ ಮುಂದಿನ ತಿಂಗಳಿಗೆ ಹೋಗುತ್ತದೆ. ಔಟ್ ಅವರು ಬಂದರೆ ದೀಪವೇ ಆರಿಹೋಗುತ್ತದೆ. ನಮ್ಮ 'ಹಾಕು' ಎಂಬುದಕ್ಕೆ ಇಂಥ ಠೀವಿಯಿಲ್ಲ. ಬೀಗವೋ, ಮಣೆಯೋ, ಸಹಿಯೋ, ಏನು ಹಾಕುವುದೆಂದು ಮೊದಲೇ ಬಾಯಿಬಿಟ್ಟು ಹೇಳಿ ಆಮೇಲೆ ಕೆಲಸಕ್ಕೆ ಇಳಿಯುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿಗಳು ತಾವೇ ಎಂದು ನನಗೆ ಈ ಮಳೆಗಾಲದಲ್ಲಿ ಮನವರಿಕೆಯಾಯಿತು.

ಸಂಗತಿ ಇಷ್ಟು. ನಮ್ಮೂರಿನ ಸೂಲಗಿತ್ತಿ ಬೀಬಿಜಾನ್‌ಗೆ ಸುಗ್ರಾ ಎಂಬ ಮಗಳಿದ್ದಾಳೆ. ಹತ್ತೊಂಬತ್ತು ವರ್ಷ, ನನ್ನ ಶಾಲೆಯಲ್ಲೇ ಓದಿದವಳು. ಕೋಲಾರದ ಒಂದು ಆಸ್ಪತ್ರೆಯಲ್ಲಿ ಹೆರಿಗೆ ಕೆಲಸ ಕಲಿಸುವ ತರಗತಿಗೆ ಸೇರಲು ಅವಳಿಗೆ ಬೇಕಾಗಿದ್ದುದು ವಯಸ್ಸು ಮತ್ತು ನಡತೆಯ ಒಂದು ಪತ್ರ, ಅದೂ ಆಗಸ್ಟ್ ಮುಗಿಯುವುದರೊಳಗೆ. ಆ ಪತ್ರ ಕೊಡಬೇಕಾದ ಕಚೇರಿಯ ಹೆಸರನ್ನು ಮರ್ಯಾದೆಗಾಗಿ ಬಿಟ್ಟಿದ್ದೇನೆ.

ಅರ್ಜಿಯಲ್ಲಿ ತಾವು ಹೆಚ್ಚು ಮಂದಿ ಇದ್ದಷ್ಟೂ ಕೆಲಸ ಬೇಗ ಆಗುತ್ತದೆಂದು ನಮ್ಮ ಕಡೆ ಒಂದು ನಂಬಿಕೆಯಿದೆ. ಓದಲು ಬಾರದವರೂ ನನ್ನ ಪಕ್ಕದಲ್ಲಿ ಕುಳಿತು, ನಾನು ಓದಿ ಹೇಳಿದಂತೆಲ್ಲ ತಮ್ಮನ್ನು ಬೆರಳು ಮಡಿಸಿ ಎಣಿಸುತ್ತಾರೆ. ಬೀಬಿಜಾನ್ ಕೂಡ ಎಣಿಸಿದಳು. "ಮೇಷ್ಟ್ರೇ, ಹುಸೇನ್ ಸಾಬ್ ಅರ್ಜೀಲಿ ಅಪ್ಪು ನಾಕು ಬಿದ್ದಿತ್ತಂತೆ. ನಮ್ದರಲ್ಲಿ ಎರಡೇ ಐತಲ್ಲ? ಹೆಣ್ಮಗು ವಿಷ್ಯ, ಕೈ ಬಿಗಿ ಹಿಡೀಬೇಡಿ" ಎಂದಳು. ನಾನು ಬಿಗಿ ಹಿಡಿಯಲಿಲ್ಲ. ದಯವಿಟ್ಟು ಲುಕ್ ಇನ್‌ಟು, ಟೇಕ್ ಅಪ್, ಕ್ಯಾರಿ ಔಟ್ ಎಂದು ತಮ್ಮನ್ನೆಲ್ಲ ಮದುವೆಯ ದಿಬ್ಬಣದಂತೆ ಸಾಲಾಗಿ ನಿಲ್ಲಿಸಿ, ಎರಡು ಪುಟ ತುಂಬಿಸಿ ಕಳಿಸಿದೆ.

ಕಚೇರಿಯ ಗುಮಾಸ್ತ ಕದಿರೇಶನಿಗೂ ತಮ್ಮ ಮೇಲೆ ಅಪಾರ ಭಕ್ತಿ. "ಏನ್ ಇಂಗ್ಲಿಷ್ ಮೇಷ್ಟ್ರೇ ನಿಮ್ದು! ಇದಕ್ಕೆ ತಕ್ಕ ಹಾಗೇ ನಾನೂ ಬರೀಬೇಕಲ್ಲ" ಎಂದ. ನಾನು ಉಬ್ಬಿಹೋದೆ. ಅವನು ಅಂಚಿನಲ್ಲಿ 'ಪುಟ್ ಅಪ್' ಎಂದು ಬರೆದ. ಮೇಲಿಂದ 'ಸೆಂಡ್ ಬ್ಯಾಕ್' ಎಂದು ಬಂತು. ಆಮೇಲೆ 'ಲುಕ್ ಇನ್‌ಟು', ಮತ್ತೆ 'ಪುಟ್ ಅಪ್'. ಎರಡೆರಡು ಪದದ ಒಂದೊಂದು ಟಿಪ್ಪಣಿಗೆ ಹದಿನೈದು ಹದಿನೈದು ದಿನ. ಜೂನ್ ಹೋಯಿತು, ಜುಲೈ ಹೋಯಿತು, ಆಗಸ್ಟ್ ಕೂಡ ಹೋಯಿತು.

ಸೆಪ್ಟೆಂಬರ್ ನಾಲ್ಕರ ಮಧ್ಯಾಹ್ನ, ನಮ್ಮೂರಿನ ತವರಿಗೆ ಬಂದಿದ್ದ ಕದಿರೇಶನ ಹೆಂಡತಿ ಶಾಮಲಮ್ಮನಿಗೆ ನೋವು ಶುರುವಾಯಿತು. ಬೀಬಿಜಾನ್ ಪಕ್ಕದೂರಿಗೆ ಹೋಗಿದ್ದಳು. ಕದಿರೇಶ ಸುಗ್ರಾಳ ಬಾಗಿಲಿಗೆ ಓಡಿ ಬಂದು "ಬಾರಮ್ಮ, ಬೇಗ ಬಾ, ಉಳಿಸಮ್ಮ" ಎಂದ. ನಾನು ಅಲ್ಲೇ ಜಗುಲಿಯ ಮೇಲಿದ್ದೆ. ಆ ಹೊತ್ತಿನಲ್ಲಿ ಅವನು ತಮ್ಮಲ್ಲಿ ಒಬ್ಬರನ್ನೂ ನೆನೆಯಲಿಲ್ಲ. ಉಸಿರಿಲ್ಲದೆ ನೀಲಿಗಟ್ಟಿ ಬಂದ ಕೂಸಿನ ಬಾಯಿ ಒರೆಸಿ, ಬೆನ್ನುಜ್ಜಿ, ಸುಗ್ರಾ ಅದು ಅಳುವಂತೆ ಮಾಡಿದಳು. ಮಾರನೆಯ ದಿನ ಕದಿರೇಶ ಕಾಲುಗಂಟೆಯಲ್ಲಿ ಸಹಿ ಹಾಕಿಸಿ ಪತ್ರ ತಂದುಕೊಟ್ಟ. ತರಗತಿಯ ಬಾಗಿಲು ಮುಚ್ಚಿ ಐದು ದಿನವಾಗಿತ್ತು. ಮುಂದಿನ ತರಗತಿ ಶುರುವಾಗುವುದು ಇನ್ನೆರಡು ವರ್ಷದ ಮೇಲೆ; ಇಪ್ಪತ್ತು ದಾಟಿದವರನ್ನು ಅದಕ್ಕೆ ಸೇರಿಸುವುದಿಲ್ಲ.

ಸುಗ್ರಾ ನನ್ನನ್ನು ಬೈಯಲಿಲ್ಲ. "ಹೋಗ್ಲಿ ಬಿಡಿ ಮೇಷ್ಟ್ರೇ. ನಾನ್ ಬರ್ದಿದ್ ಕಾಗ್ದ ಇದ್ರೆ ಕೊಡಿ, ಸಾಕು" ಎಂದಳು. ಮಹಾಶಯರೇ, ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಜೂನ್ ತಿಂಗಳಲ್ಲಿ ಅವಳು ತಾನೇ ದುಂಡಗೆ ಕನ್ನಡದಲ್ಲಿ ನಾಲ್ಕು ಸಾಲಿನ ಅರ್ಜಿ ಬರೆದು ತಂದಿದ್ದಳು. ಬೇಕಾದುದೆಲ್ಲ ಅದರಲ್ಲಿತ್ತು. ಇದನ್ನು ಯಾರು ಓದುತ್ತಾರೆಂದು ನಾನೇ ಪಕ್ಕಕ್ಕಿಟ್ಟು, ಅದರ ಬೆನ್ನಿನ ಮೇಲೆ ತಮ್ಮನ್ನೆಲ್ಲ ತುಂಬಿದ ಇಂಗ್ಲಿಷ್ ಅರ್ಜಿಯ ಕರಡು ಗೀಚಿದ್ದೆ. ಅದನ್ನೇ ಅವಳ ಕೈಗೆ ಕೊಟ್ಟೆ. ಅವಳು ಮಡಿಸಿಕೊಂಡು ಹೋದಳು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಪ್ರಾರ್ಥನೆ: ಕಾಗದಗಳನ್ನು ಅಷ್ಟು ಸೊಗಸಾಗಿ ಹಿಂದಕ್ಕೆ ಕಳಿಸುವ ಬ್ಯಾಕ್ ಮಹಾಶಯರು ಆ ಐದು ದಿನಗಳನ್ನೂ ಹಿಂದಕ್ಕೆ ಕಳಿಸಿಕೊಡಬೇಕು. ಅದು ಕಷ್ಟವಾದರೆ, ಏನನ್ನು ಬೇಕಾದರೂ ಮುಂದೂಡಬಲ್ಲ ಆಫ್ ಮಹಾಶಯರು ಹುಡುಗಿಯ ಇಪ್ಪತ್ತೊಂದನೆಯ ವರ್ಷವನ್ನು ಮುಂದೂಡಬೇಕು. ಎರಡೂ ಆಗದಿದ್ದರೆ, ಆಗುವುದಿಲ್ಲವೆಂದು ಒಂದೇ ಪದದಲ್ಲಿ ತಿಳಿಸಬೇಕು.

ತಾವು ಕೈಬಿಟ್ಟರೂ ತಮ್ಮನ್ನು ಬಿಡಲಾರದ,
ತಮ್ಮ ವಿಶ್ವಾಸಿ
ರಾಮಚಂದ್ರಪ್ಪ

ವಿ.ಸೂ.: ಶಾಮಲಮ್ಮನ ಕೂಸು ಚೆನ್ನಾಗಿದೆ. ಅದಕ್ಕಿನ್ನೂ ತಮ್ಮ ಪರಿಚಯವಾಗಿಲ್ಲ. ಹಸಿದರೆ ಅಳುತ್ತದೆ, ಅಷ್ಟೇ. ಹಾಲು ಕೂಡಲೇ ಬರುತ್ತದೆ.