ನಮ್ಮ ಮನೆಯ ಜಕ್ಣಿ ಎಲೆಗಳ ಜಾಗತಿಕ ಸುಧಾರಣೆ

ಕೈ ಹಾಕಿದ ಕೆಲಸ ಕೆಡಿಸುವ ಜಾತಿಯವನಲ್ಲ ನಾನು. ಶಾಲೆಯನ್ನು ಅರ್ಧಕ್ಕೇ ಬಿಟ್ಟು ಗಂಗೊಳ್ಳಿಯ ಐಸ್ ಪ್ಲಾಂಟ್ ಸೇರಿದೆ. ಇವತ್ತು ಅಲ್ಲಿ ನಾನು ಹೇಳದೆ ಒಂದು ಗಡ್ಡೆ ಐಸೂ ಅಲುಗುವುದಿಲ್ಲ. ಅಂಥವನಿಗೆ ಪ್ರಪಂಚದ ಆಡಳಿತ ಸರಿಮಾಡುವುದೇನು ಮಹಾ?

ಪ್ಲಾಂಟಿನ ಆಫೀಸಿನ ಟಿವಿಯಲ್ಲಿ ಒಂದು ದಿನ ನಮ್ಮ ದೇಶದವರೊಬ್ಬರು ಪ್ರಪಂಚದ ಸಭೆಯಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದರು. ಅಲ್ಲಿ ಐದು ದೇಶಗಳಿಗೆ ಮಾತ್ರ ಕಾಯಂ ಕುರ್ಚಿಯಂತೆ. ಅಜ್ಜಂದಿರ ಕಾಲದಲ್ಲಿ ಹಾಕಿದ್ದು. ಊರೆಲ್ಲ ಒಪ್ಪಿದರೂ ಐವರಲ್ಲಿ ಒಬ್ಬ ಬೇಡ ಎಂದರೆ ಮುಗಿಯಿತು. ಇದು ಬದಲಾಗಬೇಕು, ಹೊರಗೆ ನಿಂತವರಿಗೂ ಜಾಗ ಬೇಕು, ಎಲ್ಲರೂ ಸಮಾನರು, ಜಗಳವನ್ನು ಮಾತುಕತೆಯಲ್ಲೇ ತೀರಿಸಬೇಕು, ಯಾಕೆಂದರೆ ಜಗತ್ತೇ ಒಂದು ಕುಟುಂಬ ಎಂದರು.

ನನ್ನ ಮೈ ಜುಂ ಎಂದಿತು. ಇದು ನಮ್ಮ ಮನೆಯ ಜಕ್ಣಿಯ ಕತೆಯೇ!

ಜಕ್ಣಿ ಎಂದರೆ ತೀರಿಕೊಂಡವರಿಗೆ ವರ್ಷಕ್ಕೊಮ್ಮೆ ಊಟ. ಒಳಕೋಣೆಯಲ್ಲಿ ಬಾಳೆಲೆ ಹಾಕಿ, ಅವರಿಗೆ ಇಷ್ಟವಾದದ್ದು ಬಡಿಸಿ, ಬಾಗಿಲು ಮುಚ್ಚಿ, ನಾವು ಹೊರಗೆ ತುಟಿ ಬಿಚ್ಚದೆ ಕೂರುತ್ತೇವೆ. ಅವರ ಊಟವಾಗಿರಬಹುದು ಎನಿಸಿದ ಮೇಲೆ ಒಮ್ಮೆ ಕೆಮ್ಮಿ ಬಾಗಿಲು ತೆರೆಯುವುದು. ನಮ್ಮಲ್ಲಿ ಗೋಡೆಯ ಬದಿಗೆ ಐದು ಎಲೆ ಕಾಯಂ: ಮುತ್ತಜ್ಜ, ಅವನ ಇಬ್ಬರು ತಮ್ಮಂದಿರು, ಅಜ್ಜ, ದೊಡ್ಡಪ್ಪ. ಗಿರಿಜತ್ತೆಗೆ ಎಲೆಯಿಲ್ಲ. ಕೊಟ್ಟ ಹೆಣ್ಣು, ಬೇರೆ ಮನೆಯವಳು ಎಂದು ಬಾಗಿಲ ಸಂದಿಯಲ್ಲಿ ಒಂದು ತೆಂಗಿನ ಗೆರಟೆಯಲ್ಲಿ ಅನ್ನ. ಗಂಡ ಸತ್ತು ತವರಿಗೆ ಬಂದ ಆಕೆ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿ, ನನ್ನನ್ನೂ ಅಣ್ಣನನ್ನೂ ಸಾಕಿದವಳು! ಅತ್ತೆಗೂ ಒಂದು ಎಲೆ ಬೇಕು. ಅಷ್ಟೇ ನನ್ನ ಹಠ.

ಅಣ್ಣ ಶೀನಣ್ಣ ತಲೆಯೆತ್ತಲೂ ಇಲ್ಲ. "ಬ್ಯಾಡ. ಮುತ್ತಜ್ಜ ಒಪ್ಪುದಿಲ್ಲೆ."

"ಮುತ್ತಜ್ಜ ನಿಂಗೆ ಫೋನ್ ಮಾಡಿದ್ನಾ?"

"ಮಂಜ, ಸತ್ತರ್ ಹತ್ರ ತಮಾಷಿ ಬ್ಯಾಡ ಮಾರಾಯಾ."

ಕಂಡಿರಾ, ಐವರ ಪರವಾಗಿ 'ಬೇಡ' ಹೇಳಲು ಬದುಕಿರುವವರೂ ಇದ್ದಾರೆ!

ಹೆಂಡತಿ ಜಲಜಳದ್ದು ಬೇರೆಯೇ ಮಾತು. "ಹ್ವಾಯ್, ಅತ್ತೆಗೊಂದ್ ಎಲೆ ಹಾಕುಕೆ ಟಿವಿ ಎಂತಕ್ಕೆ? ಒಂದ್ ಎಲೆ ಹೆಚ್ಚ್ ಹಾಕಿ, ಬಾಯ್ ಮುಚ್ಚ್ಕಂಡ್ ಕೂಕಣಿ."

ಅದು ಸುಲಭದ ದಾರಿ. ಸುಲಭದ ದಾರಿ ಹಿಡಿಯುವವನು ನಾನಲ್ಲ. ತತ್ವವೆಂದರೆ ಪೂರ್ತಿ ತತ್ವ!

ಜಕ್ಣಿಯ ದಿನ ಮೂರ್ಸಂಜೆಗೆ ಸುಧಾರಣೆಯನ್ನು ಜಾರಿಗೆ ತಂದೆ. ಮೇಲು ಕೀಳು ಬೇಡವೆಂದು ಸಾಲನ್ನು ರದ್ದು ಮಾಡಿ ಎಲೆಗಳನ್ನು ದುಂಡಗೆ ಹಾಕಿದೆ. ಮುತ್ತಜ್ಜನ ಕಳ್ಳಿನ ಗ್ಲಾಸು, ದೊಡ್ಡಪ್ಪನ ಮೀನಿನ ತಲೆ, ಎಲ್ಲ ವಿಶೇಷ ಸವಲತ್ತು ಬಂದ್. ಅತ್ತೆಯೂ ಸೇರಿ ಎಲ್ಲರಿಗೂ ಅನ್ನ, ಒಂದೊಂದು ಹುರಿದ ಬಂಗುಡೆ ಮೀನು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನೆರೆಯವರಿಗೆ ಮೊದಲ ಮಣೆ ಎಂದೂ ಟಿವಿಯಲ್ಲಿ ಹೇಳಿದ್ದರಲ್ಲ! ಬದುಕಿದ್ದಷ್ಟು ದಿನ ಬಾಯಿಂದ ಬೀಡಿ ಇಳಿಸದ ಪಕ್ಕದ ಮನೆಯ ಬಚ್ಚಜ್ಜನ ಮಕ್ಕಳು ಮುಂಬಯಿಯಲ್ಲಿ, ಅವನಿಗೆ ಬಡಿಸುವವರಿಲ್ಲ. ಬೇಲಿ ಜಗಳದಿಂದ ಅವನೂ ನಮ್ಮಜ್ಜನೂ ಸಾಯುವವರೆಗೆ ಮಾತು ಬಿಟ್ಟಿದ್ದರು. ಮಾತುಕತೆಯಾಗಲಿ ಎಂದು ಬಚ್ಚಜ್ಜನಿಗೂ ಎಲೆ ಹಾಕಿ ಅಜ್ಜನ ಪಕ್ಕದಲ್ಲೇ ಕೂರಿಸಿದೆ!

ಕಿಟಕಿಗೆ ಚಿಲಕ ಹಾಕಿ, ಬಾಗಿಲು ಮುಚ್ಚಿ ಹೊರಗೆ ಕೂತೆವು.

ಮೊದಲು ಏನೂ ಇಲ್ಲ. ಜೀರುಂಡೆಗಳೂ ಸುಮ್ಮನಾದವು. ಆಮೇಲೆ ಒಳಗಿನಿಂದ ನೆಲದ ಮೇಲೆ ಎಲೆ ಎಳೆದಂತೆ ಸರ್ರೆಂದು ಸದ್ದು.

"ಬೆಕ್ಕ್," ಎಂದೆ.

"ಬೆಕ್ಕ್ ನನ್ ಕಾಲ್ ಬುಡ್ದಂಗ್ ಇತ್ತ್," ಎಂದಳು ಜಲಜ.

ಬೆಕ್ಕು ಅವಳ ಕಾಲ ಬುಡದಲ್ಲೇ ಕೂತು ಬಾಗಿಲನ್ನೇ ನೋಡುತ್ತಿತ್ತು. ಅದರ ಬಾಲ ಬಾಟಲಿ ತೊಳೆಯುವ ಬ್ರಶ್ಶಿನಂತೆ ಉಬ್ಬಿತ್ತು. ಒಳಗೆ ನೀರಿನ ಲೋಟ ಉರುಳಿತು. ಹಿಂದೆಯೇ ಬಾಗಿಲ ಸಂದಿಯಿಂದ ಬೀಡಿಯ ವಾಸನೆ. ನಮ್ಮ ಮನೆಯಲ್ಲಿ ಯಾರೂ ಬೀಡಿ ಸೇದುವುದಿಲ್ಲ.

"ಬಚ್ಚಜ್ಜ!" ಶೀನಣ್ಣ ಪಿಸುಗುಟ್ಟಿದ. "ಶತ್ರುನ್ನ ಕರ್ದ್ ಕೂರ್ಸಿದ್ಯಲ್ಲಾ, ಮಂಜ!"

"ಮಾತುಕತೆ ನಡೀತಾ ಇತ್ತ್," ಎಂದೆ. ಹಲ್ಲು ಕಟಕಟ ಎನ್ನುತ್ತಿತ್ತು. ಐಸ್ ಪ್ಲಾಂಟಿನಲ್ಲೂ ನನಗೆ ಅಂಥ ಚಳಿ ಹಿಡಿದದ್ದಿಲ್ಲ!

ಸದ್ದು ನಿಂತಿತು. ಪದ್ಧತಿಯಂತೆ ಕೆಮ್ಮಿದೆ.

ಒಳಗಿನಿಂದಲೂ ಒಂದು ಕೆಮ್ಮು ಬಂತು.

ತಿರುಗಿ ನೋಡಿದರೆ ಶೀನಣ್ಣ ಅಂಗಳದ ತುದಿಯಲ್ಲಿದ್ದ. ಯಾವಾಗ ಎದ್ದನೋ ದೇವರೇ ಬಲ್ಲ.

"ಹೋಯ್ನಿ ಒಳ್ಗೆ," ಎಂದಳು ಜಲಜ. "ತತ್ವ ನಿಮ್ದೇ ಅಲ್ದಾ?"

ಹೆಂಗಸರಿಗೂ ಪ್ರಾತಿನಿಧ್ಯ ಸಿಗಲಿ ಎಂಬ ಉದಾತ್ತ ಭಾವನೆಯಿಂದ ಅವಳನ್ನೇ ಮುಂದೆ ಬಿಟ್ಟು, ಬೆನ್ನ ಹಿಂದಿನಿಂದ ಇಣುಕಿದೆ.

ದುಂಡಗೆ ಹಾಕಿದ ಎಲೆಗಳು ದುಂಡಗಿರಲಿಲ್ಲ! ಗೋಡೆಯ ಬದಿಗೆ ಸಾಲಾಗಿದ್ದವು. ಕಿಟಕಿಯ ಚಿಲಕ ಹಾಕಿದ ಹಾಗೇ ಇತ್ತು. ಬಚ್ಚಜ್ಜನ ಎಲೆ ಮಡಚಿಕೊಂಡು ಮೂಲೆಯಲ್ಲಿ ಬಿದ್ದಿತ್ತು. ಐವರ ಎಲೆಯ ಬಂಗುಡೆಯನ್ನು ಯಾರೂ ಮುಟ್ಟಿರಲಿಲ್ಲ. ಆ ಸಾಲಿನಲ್ಲಿ, ಮುತ್ತಜ್ಜನ ಮಗ್ಗುಲಲ್ಲೇ, ಇನ್ನೊಂದು ಎಲೆ. ಅದರಲ್ಲಿ ಒಂದು ಅಗುಳೂ ಇಲ್ಲ. ಬಡಿಸಲು ಕಾಯುತ್ತಿರುವ ಎಲೆಯ ಹಾಗೆ.

ನನಗೆ ಎಲ್ಲ ಅರ್ಥವಾಯಿತು. ಅತ್ತೆಯನ್ನು ಓಡಿಸಿ, ಕಾಯಂ ಜಾಗವೊಂದನ್ನು ಹೆಚ್ಚಿಸಿದ್ದಾರೆ. ಯಾರಿಗೆ? ಸುಧಾರಣೆ ಕೇಳಿದವನಿಗೆ!

ನೆಲಕ್ಕೆ ಬಿದ್ದೆ. "ಮುತ್ತಜ್ಜಾ, ನಂಗೆ ಕಾಯಂ ಬ್ಯಾಡ! ನಾಳೆ ಡ್ಯೂಟಿ ಇತ್ತ್! ಶೀನಣ್ಣ ನನ್ಕಿಂತ ದೊಡ್ಡವ, ಅವ್ನಿಗ್ ಕೊಡಿ!"

"ಥೂ ಪಾಪಿ!" ಎಂದು ಅಂಗಳದಿಂದ ಕೂಗು ಬಂತು.

ಜಲಜ ದೀಪ ಬಗ್ಗಿಸಿ ಎಲೆ ನೋಡಿದಳು. ಅಂಚಿನಲ್ಲಿ ಬಂಗುಡೆಯ ಮುಳ್ಳುಗಳನ್ನು ಒಂದರ ಪಕ್ಕ ಒಂದು, ಬಾಚಣಿಗೆಯ ಹಲ್ಲಿನಂತೆ ಯಾರೋ ಜೋಡಿಸಿಟ್ಟಿದ್ದರು.

"ಏಳಿ ಸಾಕ್. ಈ ಮನ್ಯಂಗ್ ಮುಳ್ಳ್ ಹಿಂಗ್ ಇಡುದ್ ಯಾರ್?" ಅವಳ ದನಿ ಮೆತ್ತಗಾಗಿತ್ತು. "ಅತ್ತೆ ಹೊಟ್ಟಿ ತುಂಬ ಉಂಡಿರ್. ನಿಮ್ಮನ್ನ್ ಯಾರೂ ಕರೀಲಿಲ್ಲೆ."

ಅತ್ತೆ ಉಂಡಿದ್ದಳು. ಮುತ್ತಜ್ಜನ ಪಕ್ಕದಲ್ಲಿ ಕೂತು ಉಂಡಿದ್ದಳು. ನನ್ನ ಕಣ್ಣಲ್ಲಿ ನೀರು ಬಂತು. ಜೀವವೂ ಬಂತು.

ಆದರೂ ನಿಜ ಹೇಳುತ್ತೇನೆ, ಒಳಗೊಳಗೇ ಸ್ವಲ್ಪ ಅವಮಾನವಾಯಿತು. ಇಷ್ಟೆಲ್ಲ ಓಡಾಡಿದವನು ನಾನು. ಬಾಯಿಮಾತಿಗಾದರೂ ಒಮ್ಮೆ ಕರೆಯಬಹುದಿತ್ತಲ್ಲ!