ಮೂರನೆಯ ಅಧ್ಯಾಯಕ್ಕೊಂದು ಒಡಪು

ಭೀಮಶಿಯ ಮನೆಯಲ್ಲಿ ಮನುಷ್ಯರು ಕೂಡಲು ಜಾಗವಿರಲಿಲ್ಲ. ಜಾಗವನ್ನೆಲ್ಲ ತೌಲನಿಕ ಅಧ್ಯಯನ ಆಕ್ರಮಿಸಿತ್ತು. ಎಡಗೋಡೆಗೆ ಇಂಗ್ಲಿಷ್ ಕಾವ್ಯ, ಬಲಗೋಡೆಗೆ ಮರಾಠಿ ನಾಟಕ, ಜೋಳದ ಚೀಲದ ಮೇಲೆ ಇಂಗ್ಲಿಷ್ ನಾಟಕ, ಹೊಲಿಗೆ ಯಂತ್ರದ ಮೇಲೆ ಮರಾಠಿ ಕಾವ್ಯ. ರಾಮದುರ್ಗದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುವ ಭೀಮಶಿ, ಎರಡು ಭಾಷೆಗಳ ಕಾವ್ಯ-ನಾಟಕಗಳನ್ನು ಹೋಲಿಸಿ ಡಾಕ್ಟರ್ ಆಗುತ್ತೇನೆಂದು ಹೊರಟಾಗ ಮಗಳು ಸ್ನೇಹಲ್ ಇನ್ನೂ ಅಂಬೆಗಾಲಿಡುತ್ತಿದ್ದಳು. ಈಗ ಅವಳು ಹುಬ್ಬಳ್ಳಿಯಲ್ಲಿ ಸೂಜಿ-ಔಷಧಿಯ ಡಾಕ್ಟರಿಕೆ ಓದುತ್ತಿದ್ದಳು. ಅಪ್ಪನಿಗಿಂತ ಮೊದಲೇ ಆಗಿಬಿಡುವ ಲಕ್ಷಣ ಕಾಣುತ್ತಿತ್ತು. (ನಡುವೆ ಭೀಮಶಿಯ ನೋಂದಣಿ ಒಂದೆರಡು ಸಲ ಸತ್ತಿತ್ತು. ದಂಡ ಕಟ್ಟಿ ಬದುಕಿಸಿಕೊಂಡಿದ್ದ.)

ಹೆಂಡತಿ ದುರ್ಗಾ ನಿಪ್ಪಾಣಿಯವಳು. ತವರಿನಲ್ಲಿ ಒಳಗೆ ಮರಾಠಿ, ಹೊರಗೆ ಕನ್ನಡ. ಈಗ ರಾಮದುರ್ಗದಿಂದ ಸವದತ್ತಿ, ಬೈಲಹೊಂಗಲದ ಮೇಲೆ ಕಿತ್ತೂರಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್. ಇಬ್ಬರೂ ಕೂಡಿದ್ದು ಬೆಳಗಾವಿಯ ಒಂದು ಧರಣಿಯಲ್ಲಿ. ಅಂದು ಅವನು ಘೋಷಣೆ ಕೂಗುತ್ತಿದ್ದ, ಅವಳು ‘ಜಯವಾಗಲಿ’ ಅನ್ನುತ್ತಿದ್ದಳು. ಮದುವೆಯಾದ ಮೇಲೆ ಘೋಷಣೆ ಅವಳ ಪಾಲಿಗೆ ಬಂತು, ‘ಜಯವಾಗಲಿ’ ಇವನ ಪಾಲಿಗೆ.

ಈಗ ಬಂದಿದ್ದ ಗಂಡಾಂತರವೆಂದರೆ, ಮಾರ್ಗದರ್ಶಕಿ ನೀಲಾ ಮೇಡಂ ಈ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಅವರ ಸಹಿ ಬೀಳದೆ ಹೋದರೆ ಭೀಮಶಿ ಹೊಸ ಮಾರ್ಗದರ್ಶಕರನ್ನು ಹುಡುಕಿ ಮತ್ತೆ ಮೊದಲಿನಿಂದ ಅಂಬೆಗಾಲಿಡಬೇಕು. ಉಳಿದ ಅಧ್ಯಾಯಗಳನ್ನು ಮೇಡಂ ಒಪ್ಪಿದ್ದರು. ಮೂರನೆಯದರ ಹತ್ತಿರ ಮಾತ್ರ ಮೂಗು ಮುರಿದಿದ್ದರು.

ಆ ಮೂರನೆಯ ಅಧ್ಯಾಯದಲ್ಲಿ ಭೀಮಶಿ ಮಂಡಿಸಿದ ಘನ ಸಿದ್ಧಾಂತ ಇಷ್ಟು: ಇಂಗ್ಲಿಷ್ ನಾಟಕದ ಹೆಂಡತಿ ಪರದೆ ಏಳುವುದೇ ತಡ, ಗಂಡನ ಮೇಲೆ ಏರಿಹೋಗುತ್ತಾಳೆ. ಮರಾಠಿ ಕಾವ್ಯದ ಹೆಂಡತಿಯೋ, ಗಂಡನ ಹೆಸರನ್ನು ನೇರ ಹೇಳಲೂ ನಾಚಿ, ಎರಡು ಸಾಲಿನ ಪ್ರಾಸದಲ್ಲಿ ಸುತ್ತಿ ಹೇಳುತ್ತಾಳೆ. ಅವರು ಅದನ್ನು ಉಖಾಣಾ ಅನ್ನುತ್ತಾರೆ, ನಾವು ಒಡಪು ಅನ್ನುತ್ತೇವೆ. ಆದ್ದರಿಂದ ಮರಾಠಿ ಹೆಂಡತಿ ಭಕ್ತೆ, ಇಂಗ್ಲಿಷ್ ಹೆಂಡತಿ ಬಂಡಾಯಗಾರ್ತಿ. ಮನೆಯಲ್ಲೇ ಒಬ್ಬ ಮರಾಠಿ ಹೆಂಡತಿಯನ್ನು ಇಟ್ಟುಕೊಂಡು ಇಂಥದ್ದನ್ನು ಬರೆಯಲು ಗಟ್ಟಿ ಗುಂಡಿಗೆ ಬೇಕು.

“ಜೀವಂತ ಉದಾಹರಣೆ ಎಲ್ಲಿ?” ಎಂದು ಮೇಡಂ ಕೇಳಿದ್ದರು. “ಐತವಾರ ಸವದತ್ತಿ ಕಡೆ ಬರತೇನಿ, ಹಂಗ ರಾಮದುರ್ಗಕ್ಕೂ ಬರತೇನಿ. ನಿಮ್ಮ ಮನಿಯವರ ಬಾಯಿಂದನ ಕೇಳೂಣು. ಸಹಿ ಅಲ್ಲೇ.”

ಭೀಮಶಿ ಶನಿವಾರ ದಿನವೆಲ್ಲ ಕೂತು ತಾನೇ ಒಂದು ಒಡಪು ಕಟ್ಟಿ, ಡ್ಯೂಟಿ ಮುಗಿಸಿ ಬಂದ ದುರ್ಗಾಳ ಮುಂದೆ ಹಿಡಿದ.

“ಸೂರ್ಯ ಚಂದ್ರರು ಆರಿದರೂ ಆರದು ಅನುರಾಗದ ದೀಪ,
ಜನ್ಮಜನ್ಮಾಂತರಕೂ ಭೀಮಶಿಯವರೇ ನನ್ನ ಮನದ ಭೂಪ.”

ದುರ್ಗಾ ಅದನ್ನು ಹರಿದ ನೋಟು ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿದಳು. “ಅಜ್ಜನ ಕಾಲದಾಗ ಬೌದ್ಧ ದೀಕ್ಷಾ ತಗೊಂಡ ಮನಿ ನಮ್ದು. ಜನ್ಮಜನ್ಮಾಂತರ ಅಂದ್ರ ಅಜ್ಜ ಎದ್ದು ಬಂದು ಬಡೀತಾನ.”

“ನಿಮ್ಮಜ್ಜ ಪುನರ್ಜನ್ಮ ನಂಬತಿರಲಿಲ್ಲಲ್ಲ, ಹೆಂಗ ಬರತಾನ?”

“ಇದನ್ನ ಕೇಳಿದ್ರ ಬರತಾನ. ಅಲ್ರೀ, ಧರಣಿಯಾಗ ‘ಏ ಭೀಮಶಿ, ಬಾವುಟಾ ನೆಟ್ಟಗ ಹಿಡಿ’ ಅಂತಿದ್ದಾಕಿ ನಾ. ಆವಾಗ ಎಲ್ಲಿ ಹೋಗಿತ್ತು ನಾಚಿಕಿ?”

“ದುರ್ಗಾ, ಒಂದು ಸಹಿ ಪ್ರಶ್ನಾ ಐತಿ. ನಾಳೆ ಆದ್ರ ಈ ಪುಸ್ತಕ ಎಲ್ಲಾ ಕಾಲೇಜಿಗೆ ಕೊಟ್ಟಬಿಡತೇನಿ. ನಿನ್ನ ಹೊಲಿಗಿ ಮಷಿನ್ ನಿನಗ.”

ಹೊಲಿಗೆ ಯಂತ್ರದ ಹೆಸರು ಕೇಳಿ ದುರ್ಗಾ ಸ್ವಲ್ಪ ಮೆತ್ತಗಾದಳು. “ಹೇಳತೇನಿ. ನೀವು ಬರದಂಗ, ಒಂದಕ್ಷರ ಬಿಡಲಾರದ ಹೇಳತೇನಿ. ಆದ್ರ ನಂದೂ ಒಂದು ಬೇಡಿಕೆ ಐತಿ. ನಾಳೆ ನನ್ನ ರಜಾ. ಅಡಿಗಿ ನಿಮ್ದು. ಪಲ್ಯಾ ಅತ್ತಿ ಮಾಡ್ತಾರ, ರೊಟ್ಟಿ ನೀವ ಬಡೀಬೇಕು.”

“ಆತು,” ಅಂದ ಭೀಮಶಿ. ಸಮಾನತೆಯ ಮೇಲೆ ಗಂಟೆಗಟ್ಟಲೆ ಭಾಷಣ ಕುಟ್ಟಬಲ್ಲ ಮನುಷ್ಯನಿಗೆ ಒಂದಿಷ್ಟು ಜೋಳದ ಹಿಟ್ಟು ಯಾವ ಲೆಕ್ಕ?

ಹಿಟ್ಟು ಆ ಲೆಕ್ಕವನ್ನು ಮರುದಿನ ಬೆಳಿಗ್ಗೆ ತೋರಿಸಿತು. ಮೊದಲ ರೊಟ್ಟಿ ಬಡಿಯುವ ಕೊಣಮಿಗೆಗೇ ಅಂಟಿಕೊಂಡು ಸತ್ಯಾಗ್ರಹಕ್ಕೆ ಕೂತಿತು. ಎರಡನೆಯದು ಎತ್ತುವಾಗ ಇಬ್ಭಾಗವಾಗಿ ಹೋಯಿತು. ಮೂರನೆಯದು ಹಂಚಿನ ಮೇಲೆ ಬಿತ್ತು, ಆದರೆ ಜೊತೆಗೆ ಭೀಮಶಿಯ ಹೆಬ್ಬೆರಳನ್ನೂ ಒಯ್ದಿತು. ಅಡಿಗೆಮನೆಯ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದ ತಾಯಿ ಕಾಡವ್ವ, “ಇಂಗ್ಲಿಷಿನ್ಯಾಗ ಬಡದು ನೋಡಪಾ,” ಎಂದಳು.

ದುರ್ಗಾ ನೀರು ಹಾಕಿಕೊಳ್ಳಲು ಬಚ್ಚಲಿಗೆ ಹೋದಳು. ಭೀಮಶಿ ಒಲೆ ಆರಿಸಿ, ಹಿಂದಿನ ಬಾಗಿಲಿನಿಂದ ಸೈಕಲ್ ತೆಗೆದ. ಖಾನಾವಳಿಯ ರೊಟ್ಟಿಗಳು ಬುಟ್ಟಿಯಲ್ಲಿ ಬಂದು ಕೂತಾಗ ಕಾಡವ್ವ ಅವನ್ನೂ ಮಗನನ್ನೂ ನೋಡಿ, ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು. ಅವನಿಗೆ ಅಲ್ಲೇ ಹೆದರಿಕೆಯಾಗಬೇಕಿತ್ತು.

ನೀಲಾ ಮೇಡಂ ಬಂದರು. ಇಂಗ್ಲಿಷ್ ಕಾವ್ಯವನ್ನು ಸರಿಸಿ ಅವರಿಗೆ ಜಾಗ ಮಾಡಲಾಯಿತು. ತಾಟು ಬಂತು. ಮೇಡಂ ರೊಟ್ಟಿಯನ್ನು ಎತ್ತಿ ಹಿಡಿದು ಬೆರಗಾದರು. “ಎಲ್ಲಾ ಒಂದ ಅಳತಿ. ಯಾರು ಮಾಡಿದ್ರು?”

“ನಾನ ರೀ,” ಅಂದ ಭೀಮಶಿ. ಅಷ್ಟಕ್ಕೇ ನಿಲ್ಲಿಸಿದ್ದರೆ ಬದುಕುತ್ತಿದ್ದನೇನೋ. “ರೊಟ್ಟಿಗೂ ಪದ್ಯಕ್ಕೂ ಮೂಲಭೂತವಾಗಿ ವ್ಯತ್ಯಾಸ ಇಲ್ರಿ ಮೇಡಂ. ಎರಡಕ್ಕೂ ಲಯ ಬೇಕು. ನನ್ನ ಕೈಗೆ ಅದು ಮೊದಲಿಂದ ಒಲದೈತಿ.”

ನೀರಿನ ತಂಬಿಗೆ ತರಲು ಒಳಗೆ ಹೋದ ದುರ್ಗಾ ಒಲೆಯ ಮೇಲೆ ಕೈಯಿಟ್ಟು ನೋಡಿದಳು. ಒಲೆ ತಣ್ಣಗಿತ್ತು. ಹಂಚೂ ತಣ್ಣಗಿತ್ತು. ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಖಾನಾವಳಿಯ ದಿಕ್ಕಿಗೆ ಗದ್ದ ತಿರುಗಿಸಿದಳು.

“ನಾವ್ ಘ್ಯಾ, ದುರ್ಗಾಬಾಯಿ,” ಎಂದರು ಮೇಡಂ ಮರಾಠಿಯಲ್ಲಿ, ಪೆನ್ನು ತೆರೆದು. “ಹೆಸರು ಹೇಳ್ರಿ. ಕನ್ನಡದಾಗ ಹೇಳಿದ್ರೂ ನಡೀತೈತಿ.”

ದುರ್ಗಾ ಮಾತಿಗೆ ತಪ್ಪುವವಳಲ್ಲ. ಸೂರ್ಯ, ಚಂದ್ರ, ದೀಪ, ಭೂಪ ಎಲ್ಲವನ್ನೂ ಒಂದಕ್ಷರ ಬಿಡದೆ, ಸ್ಟಾಪುಗಳ ಹೆಸರು ಕೂಗುವ ದನಿಯಲ್ಲಿ ಒಪ್ಪಿಸಿದಳು. ಮೇಡಂ ಬರೆದುಕೊಂಡರು. ಭೀಮಶಿ ಮೂರನೆಯ ಅಧ್ಯಾಯವನ್ನು ಸಹಿಗಾಗಿ ಮೆಲ್ಲಗೆ ಮುಂದೆ ದಬ್ಬಿದ.

“ಇದು ಬಾಯಿಪಾಠದ್ದು,” ಅಂದಳು ಕಾಡವ್ವ.

“ಎವ್ವಾ, ನೀ ಸುಮ್ಮನ ಕುಂದ್ರು.”

“ಯಾಕ ಕುಂದರ್ಲಿ? ಲಗ್ನದ ಮನ್ಯಾಗ ಬಾಯಿಪಾಠದ್ದು ಹೇಳಿದ್ರ ಹೊಸ್ತಿಲಾ ದಾಟಾಕ ಬಿಡೂದಿಲ್ಲ ನಾವು. ನಿಂದು ಹೇಳ ಯವ್ವಾ ದುರ್ಗಾ. ಹೊಟ್ಟ್ಯಾಗಿಂದು.”

ಮೇಡಂ ಸಹಿಗೆ ಎತ್ತಿದ ಪೆನ್ನನ್ನು ಕೆಳಗಿಟ್ಟರು. “ಹೌದು, ಪದ್ಧತಿ ಹಂಗ ಐತಿ. ಹೇಳ್ರಿ.”

ದುರ್ಗಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಆ ಸೆರಗು ಸೊಂಟಕ್ಕೆ ಹೋದಾಗಲೆಲ್ಲ ಬಸ್ಸಿನಲ್ಲಿ ಗಂಡಸರು ತಾವಾಗಿಯೇ ಹೆಂಗಸರ ಸೀಟು ಬಿಟ್ಟು ಏಳುತ್ತಿದ್ದರು.

“ರಾಮದುರ್ಗದಿಂದ ಕಿತ್ತೂರಿಗೆ ಬಸ್ಸು ದಿನಾ ಹೊಂಟೈತಿ,
ಭೀಮಶಿಯವರ ಥೀಸಿಸ್ ಮಾತ್ರ ಸ್ಟ್ಯಾಂಡಿನಾಗ ನಿಂತೈತಿ.”

ಮೇಡಂ ಕನ್ನಡಕ ಏರಿಸಿಕೊಂಡರು. “ಇನ್ನೊಂದು.”

“ಸಭಾದಾಗ ಸಮಾನತೆ ಅಂತ ಮೈಕ್ ಹಿಡದ್ರ ಬಿಡೂದಿಲ್ಲ,
ಭೀಮಶಿಯವರು ಬಡದ ರೊಟ್ಟಿ ಖಾನಾವಳಿ ಬಿಟ್ಟು ಸಿಗೂದಿಲ್ಲ.”

ಮೇಡಂ ನಕ್ಕ ರಭಸಕ್ಕೆ ಬೆನ್ನ ಹಿಂದಿನ ಇಂಗ್ಲಿಷ್ ಕಾವ್ಯ ಪೂರ್ತಿ ಕುಸಿದು ಪಲ್ಯದಲ್ಲಿ ಬಿತ್ತು. ಕಣ್ಣೊರೆಸಿಕೊಂಡು ಭೀಮಶಿಯ ಕಡೆ ತಿರುಗಿದರು. “ಲಗ್ನದಾಗ ಗಂಡನೂ ಹೇಳಬೇಕಲ್ಲ. ಹೆಂಡತಿ ಹೆಸರು ಹಾಕಿ ನೀವೊಂದು ಹೇಳ್ರಿ.”

ಭೀಮಶಿ ಎದ್ದು ನಿಂತ. ಬಲಗೋಡೆ, ಜೋಳದ ಚೀಲ, ಹೊಲಿಗೆ ಯಂತ್ರ ಎಲ್ಲದರ ಕಡೆಗೂ ಸಹಾಯಕ್ಕಾಗಿ ನೋಡಿದ. “ತೌಲನಿಕವಾಗಿ ನೋಡಿದರೆ ದುರ್ಗಾ...” ಎಂದು ನಿಂತ.

“ಮುಂದ?” ಅಂದಳು ದುರ್ಗಾ.

“ಮುಂದ ಇನ್ನೂ ಸಂಶೋಧನೆ ಆಗಬೇಕು.”

ಮೇಡಂ ಮೂರನೆಯ ಅಧ್ಯಾಯವನ್ನು ಹತ್ತಿರ ಎಳೆದುಕೊಂಡು, ಭಕ್ತೆ ಎಂದಿದ್ದಲ್ಲೆಲ್ಲ ಗೀಟು ಎಳೆದರು. “ಇದನ್ನ ತಿರುವಿ ಬರೀರಿ. ಗಂಡನ ಹೆಸರು ಹೇಳೋ ನೆಪದಾಗ ಅವನ ಮಾನ ಹರಾಜಿಗೆ ಇಡೂದು, ಇದು ನಾಟಕ. ಇಂಗ್ಲಿಷ್ ಹೆಂಡತಿಗೆ ಮೂರು ಅಂಕ ಬೇಕು, ಇವರಿಗೆ ಎರಡು ಸಾಲು ಸಾಕು. ಈ ತಿಂಗಳೊಳಗ ತಂದ್ರ ಸಹಿ. ಉದಾಹರಣೆ ಎಲ್ಲಾ ಇವರವ ಇರಲಿ.”

“ಒಂದು ಒಡಪಿಗೆ ಒಂದು ವಾರ ರೊಟ್ಟಿ,” ಅಂದಳು ದುರ್ಗಾ. “ಮನ್ಯಾಗ ಬಡದಿದ್ದು.”

ಹೋಗುವ ಮುಂಚೆ ಮೇಡಂ ಅಧ್ಯಾಯದ ಮೇಲೆ ಇಂಗ್ಲಿಷಿನಲ್ಲಿ ಏನೋ ಗೀಚಿ ಹೋದರು. ಭೀಮಶಿ ಓದಿಕೊಂಡ. ಅಧ್ಯಯನ ಮಾಡುವುದಕ್ಕಿಂತ ಅಧ್ಯಯನಕ್ಕೆ ಒಳಗಾಗಲು ಈ ಅಭ್ಯರ್ಥಿ ಹೆಚ್ಚು ಯೋಗ್ಯ ಎಂದು ಅದರಲ್ಲಿತ್ತು.

“ಏನ ಬರದಾರ?” ಎಂದು ಕಾಡವ್ವ ಕೇಳಿದಳು.

“ಭಾಳ ಚೊಲೊ ಐತಿ ಅಂತ ಬರದಾರ,” ಅಂದ ಭೀಮಶಿ, ಹಾಳೆಯನ್ನು ಮಡಚುತ್ತ.

ದುರ್ಗಾ ಅದನ್ನು ಇಸಿದುಕೊಳ್ಳಲಿಲ್ಲ. ಮೇಡಂ ಬರೆಯುವಾಗಲೇ ಅವರ ಹೆಗಲ ಮೇಲಿಂದ ಓದಿಯಾಗಿತ್ತು. ಹೊಲಿಗೆ ಯಂತ್ರದ ಮೇಲಿನ ಮರಾಠಿ ಕಾವ್ಯವನ್ನು ಒಂದೊಂದಾಗಿ ಇಳಿಸಿ ಗಂಡನ ಕೈಗೆ ಪೇರಿಸುತ್ತ, ಅವನ ಗದ್ದದವರೆಗೆ ಪುಸ್ತಕ ಬಂದ ಮೇಲೆ ಹೇಳಿದಳು:

“ಇಂಗ್ಲಿಷ್ ಓದಿ, ಮರಾಠಿ ಓದಿ ಆದ್ರು ದೊಡ್ಡ ಪಂಡಿತರು,
ಸುಳ್ಳು ಹೇಳಾಕ ಮಾತ್ರ ಕಲೀಲಿಲ್ಲ ನಮ್ಮ ಭೀಮಶಿಯವರು.”

“ಎರಡು ವಾರ ಇತ್ತು,” ಅಂದಳು ಕಾಡವ್ವ. “ಈಗ ಮೂರಾತು. ಹಿಟ್ಟು ಹಾಕಲೇನೋ?”