ನಮ್ಮ ಕೆರೆ ಏರಿಗೆ ಡಚ್ಚರ ಬುದ್ಧಿ

ಸಮುದ್ರವನ್ನೇ ನೋಡದ ಊರಿನಲ್ಲಿ ಕೂತು ಸಮುದ್ರದ ಮಾತಾಡುವ ಹೆಂಗಸಿಗೆ ಇಂಥವೆಲ್ಲ ಆಗುತ್ತಲೇ ಇರುತ್ತವೆ. ಶಿರಾ ತಾಲ್ಲೂಕಿನಲ್ಲಿ, ಕೆರೆ ಏರಿಯ ಕೆಳಗೆ ನನ್ನ ಹೋಟೆಲು. ಇಟ್ಟಿಗೆ ಹೊತ್ತು ನಾನೇ ಕಟ್ಟಿದ್ದು. ಶಾಲೆಗೆ ಹೋದವಳಲ್ಲ. ಮಧುಗಿರಿ, ಕೊರಟಗೆರೆ, ಪಾವಗಡ ಎಂದು ಬಸ್ಸಿನ ಬೋರ್ಡು ನೋಡುತ್ತಲೇ ಅಕ್ಷರ ಕಲಿತೆ. ಈಗ ಪಂಚಾಯ್ತಿ ಲೈಬ್ರರಿಯಲ್ಲಿ ನಾನು ಓದದ ಪುಸ್ತಕವಿಲ್ಲ. ಅಲ್ಲಿ ಡಚ್ಚರ ದೇಶದ ಪುಸ್ತಕ ಸಿಕ್ಕಿದ್ದೇ ಎಲ್ಲಕ್ಕೂ ಮೂಲ.

೧. ಉಪ್ಪು ನೀರು

ಇಡ್ಲಿ ಬೇಯುವ ಹೊತ್ತಿನಲ್ಲಿ ಗಿರಾಕಿಗಳಿಗೆ ಹೇಳಿದೆ: "ಅವರ ನೆಲ ಸಮುದ್ರಕ್ಕಿಂತ ತಗ್ಗು. ಸುತ್ತ ಏರಿ ಹಾಕಿ, ಒಳಗಿನ ನೀರನ್ನೆಲ್ಲ ಆಚೆ ಎತ್ತಿ ಹಾಕಿ, ತಳದಲ್ಲಿ ಹೊಲ ಮಾಡ್ಕೊಂಡವರೆ."

ಪಾವಗಡ ಕಡೆಯ ಲಾರಿ ಡ್ರೈವರ್ ಎದೆ ಹಿಡಿದುಕೊಂಡ. "ಅಯ್ಯೋ ಅಕ್ಕಾ, ತಾಗೇದಾನಿಕೇ ನೀಳ್ಳು ಲೇವು ಮನಕಿ! ನಮಗೆ ಕುಡಿಯೋಕೇ ನೀರಿಲ್ಲ, ಅವರು ಆಚೆ ಸುರೀತಾರಾ? ಈ ಕಡೆ ಸುರಿಯೋಕೆ ಹೇಳು."

"ಅದು ಉಪ್ಪು ನೀರು ಕಣಪ್ಪ."

"ನಮ್ಮ ಬೋರ್‌ವೆಲ್‌ನಾಗೆ ಏನು ಪಾನಕ ಬರ್ತದಾ?"

೨. ಒತ್ತುವರಿ

ನಮ್ಮ ಗ್ರಾಮ ಲೆಕ್ಕಿಗರು ಟೀ ಲೋಟ ಕೆಳಗಿಟ್ಟು ಕೇಳಿದರು, "ಮೊದಲು ಆ ಡಚ್ಚರ ಹೊಲದ ಪಹಣಿ ಯಾರ ಹೆಸರಲ್ಲಿತ್ತು?"

"ಯಾರ ಹೆಸರಲ್ಲೂ ಇಲ್ಲ ಸಾರ್. ನೀರಿತ್ತು."

"ನೀರಿದ್ದ ಜಾಗಕ್ಕೆ ಬದು ಹಾಕಿ ಉತ್ತಿದ್ದಾರೆ ಅಂದರೆ ಒತ್ತುವರಿ. ಇಡೀ ದೇಶಕ್ಕೇ ತೆರವು ನೋಟಿಸು ಕೊಡಬೇಕಾಗುತ್ತದೆ."

೩. ಬುಗ್ಗೆ

ಹೋದ ಮಳೆಗಾಲದಲ್ಲಿ ಒಣಗಿದ್ದ ಕೆರೆ ತುಂಬಿಬಿಟ್ಟಿತು. ಊರವರೆಲ್ಲ ಬಾಗಿನ ಬಿಟ್ಟು ಮನೆಗೆ ಬರುವಷ್ಟರಲ್ಲಿ ನನ್ನ ಹಿತ್ತಲಲ್ಲಿ, ಏರಿಯ ಬುಡದಲ್ಲಿ, ಕೆಂಪು ನೀರು ಬುಗ್ಗೆ ಎದ್ದಿತ್ತು. ತೂಬು ಎತ್ತುವ ನೀರುಗಂಟಿ ನೋಡಿ ಬೆವೆತುಹೋದ.

"ಅಕ್ಕಾ, ಏರಿ ಒಳಗಿಂದ ಕೊಚ್ಕೊಂಡು ಹೋಯ್ತಾ ಅದೆ. ಸಾಮಾನು ಎತ್ಕೊಂಡು ನಡಿ."

"ನಾನು ನಡೆಯೋಳಲ್ಲ. ಏರಿ ಬೇಕಾದ್ರೆ ನಡೀಲಿ."

ಇಂಜಿನಿಯರ್ ಬರುವುದು ಮಾರನೇ ದಿನ. ಗಂಡಸರು ಬುಗ್ಗೆಯ ಬಾಯಿಗೆ ಜೇಡಿಮಣ್ಣು, ಕಲ್ಲು ತುರುಕಿದರು. ಅದು ಒಂದು ಮಾರು ಪಕ್ಕದಲ್ಲಿ ಎದ್ದಿತು. ಅಲ್ಲೂ ತುರುಕಿದರು. ಮತ್ತೆ ಮೊದಲಿನ ಜಾಗದಲ್ಲೇ ಎದ್ದಿತು. ನಾನು ಕೂಗಿದೆ: "ಲೇ, ಬಾಯಿ ಮುಚ್ಚಬೇಡ್ರೋ! ಸುತ್ತ ಮರಳು ಚೀಲ ಜೋಡಿಸಿ ಬಾವಿ ಕಟ್ರಿ. ಒಳಗೆ ನೀರು ಏರಿದಂಗೆಲ್ಲ ಆ ಭಾರಕ್ಕೇ ಬುಗ್ಗೆ ಅದುಮಿಕೊಳ್ತದೆ, ಮಣ್ಣು ಬರೋದು ನಿಲ್ತದೆ. ಡಚ್ಚರು ಇಂಗೇ ಮಾಡೋದು."

"ಸೋರೋದಕ್ಕೆ ಬಾವಿ ಕಟ್ಟಿ ಮರ್ಯಾದೆ ಮಾಡೋದಾ?" ಎಂದ ನೀರುಗಂಟಿ.

ಮೊದಲ ಚೀಲ ನಾನೇ ಹೊತ್ತೆ. ಹೆಂಗಸು ಹೊರುವಾಗ ನಿಂತು ನೋಡಲಾಗದೆ ಅವನೂ ಹೊತ್ತ. ದೀಪ ಹಚ್ಚುವ ಹೊತ್ತಿಗೆ ಬಾವಿ ಸೊಂಟದೆತ್ತರ ಬಂತು, ನೀರು ತಿಳಿಯಾಯಿತು. ಅವನು ಒಂದು ಲೋಟ ಮೊಗೆದು ಬೆಳಕಿಗೆ ಹಿಡಿದ. "ಮಣ್ಣಿಲ್ಲ" ಎಂದ. ಆಮೇಲೆ ಮೆತ್ತಗೆ, "ಅಕ್ಕಾ, ಆ ಪುಸ್ತಕದಾಗೆ ನಮ್ಮ ಮನೆ ಸೂರು ಸೋರೋದಕ್ಕೂ ಏನಾದ್ರೂ ಬರೆದವರಾ?"

೪. ಇಂಜಿನಿಯರ್ ಬಂದರು

ಬೆಳಿಗ್ಗೆ ಎದ್ದು ನೋಡುತ್ತೇನೆ, ಮರಳು ಚೀಲಗಳಿಗೆಲ್ಲ ಅರಿಶಿನ ಕುಂಕುಮ, ಬೇವಿನ ಸೊಪ್ಪು. ಒಡೆದ ತೆಂಗಿನಕಾಯಿ ಸಾಲಾಗಿ ಕೂತಿವೆ. ಎದುರು ಮನೆಯ ಅಜ್ಜಿ ತೀರ್ಥ ಹಂಚುತ್ತಿದ್ದಾಳೆ. ಆಗಲೇ ಇಂಜಿನಿಯರ್ ಬಂದರು.

"ಬೂಟು ಬುಟ್ಟು ಬಾರಪ್ಪ" ಎಂದಳು ಅಜ್ಜಿ.

ಅವರು ಕಾಲುಚೀಲದಲ್ಲೇ ಕೆಸರು ತುಳಿದು ಬಾವಿ ಪರೀಕ್ಷಿಸಿದರು. "ಸರಿಯಾಗಿ ಕಟ್ಟಿದ್ದೀರಿ. ಇಲ್ಲದಿದ್ದರೆ ಏರಿಯೂ ಇರುತ್ತಿರಲಿಲ್ಲ, ಹೋಟೆಲೂ ಇರುತ್ತಿರಲಿಲ್ಲ. ಯಾರ ಕೆಲಸ ಇದು?"

ನಾನು ಸೆರಗು ಸರಿಮಾಡಿಕೊಂಡು ಮುಂದೆ ಬಂದೆ. ಬಾಯಿ ತೆರೆಯುವ ಮೊದಲೇ ಅಜ್ಜಿ, "ಗಂಗಮ್ಮ ತಾನೇ ಬಂದು ಕುಂತವಳೆ ಸ್ವಾಮಿ" ಎಂದಳು.

ನನಗೆ ಮೈಯೆಲ್ಲ ಉರಿಯಿತು. ಒಳಗಿಂದ ಪುಸ್ತಕ ತಂದು ಅವಳ ಮುಖಕ್ಕೆ ಹಿಡಿದೆ. "ಇದು ಗಂಗಮ್ಮ ಅಲ್ಲ ಅಜ್ಜಿ, ಸೋರಿಕೆ! ಕಟ್ಟಿಸಿದ್ದು ನಾನು! ಡಚ್ಚರ ಏರಿ ಸೋರಿದಾಗ್ಲೂ ಇಂಗೇ ಸುತ್ತ ಕಟ್ತಾರೆ. ನೋಡು, ಚಿತ್ರ!"

ಅಜ್ಜಿ ಚಿತ್ರವನ್ನು ತುಂಬ ಹೊತ್ತು ನೋಡಿದಳು. ಅದಕ್ಕೂ ಒಂದು ಚೂರು ಕುಂಕುಮ ಹಚ್ಚಿದಳು.

"ಅಂಗಾದ್ರೆ ಅವರೂ ನಮ್ಮ ಗಂಗಮ್ಮನ ಒಕ್ಕಲೇ ಕಣಮ್ಮ. ಇಷ್ಟು ವರ್ಷ ಒಬ್ಬನೂ ಹಬ್ಬಕ್ಕೆ ಬಂದಿಲ್ಲವಲ್ಲ, ಯಾಕಂತೆ ಕೇಳು."